ಮುಂಬಾಗಿಲಿನ ತಂತಿ

ಕಾಪು
೧೪ ನವೆಂಬರ್ ೧೯೮೩

ಪ್ರೀತಿಯ ತಮ್ಮ ರಾಮದಾಸನಿಗೆ ಅಣ್ಣ ಕೃಷ್ಣರಾಜನ ಆಶೀರ್ವಾದಗಳು.

ನಿನ್ನ ಬೆನ್ನುನೋವು ಹೇಗಿದೆ? ಬಹರೈನಿನ ತಣ್ಣನೆಯ ಆಫೀಸುಕೋಣೆಯಿಂದ ಬಿಸಿಲಿಗೆ ಒಮ್ಮೆಲೇ ಇಳಿಯಬೇಡವೆಂದು ಅಮ್ಮ ಹೇಳಿಸಿದ್ದಾರೆ. ಅವರಿಗೆ ಊಟ ಸೇರುತ್ತಿಲ್ಲ. ನಿನ್ನ ಹೆಂಡತಿ ಸುಭಾಷಿಣಿ ಆರೋಗ್ಯದಿಂದ ಇದ್ದಾಳೆ, ಮಾತು ಕಡಿಮೆಯಾಗಿದೆ. ನಾನು ಕುಕ್ಕುಂದೂರಿನಿಂದ ರಜೆ ಹಾಕಿ ಬಂದು ಇಂದಿಗೆ ಹನ್ನೊಂದು ದಿನ.

ಕಳ್ಳತನದ ದಿನ ಮನೆಯ ಎಚ್ಚರಿಕೆಯ ಗಂಟೆ ಏಕೆ ಬಾರಿಸಲಿಲ್ಲವೆಂದು ಕೇಳಿದ್ದೀಯೆ. ನೀನು ಕಳುಹಿಸಿದ ಸಾಮಾನಿನಿಂದ ನಾನು ಜೋಡಿಸಿದ ವ್ಯವಸ್ಥೆ ಸರಳವಾದದ್ದು. ಪ್ರತಿ ಬಾಗಿಲಿಗೂ ಒಂದು ಅಯಸ್ಕಾಂತ, ಚೌಕಟ್ಟಿನಲ್ಲಿ ಒಂದು ಸ್ವಿಚ್ಚು. ಎಲ್ಲ ಸ್ವಿಚ್ಚುಗಳನ್ನೂ ಮಾಲೆಯಂತೆ ಒಂದೇ ತಂತಿಯಲ್ಲಿ ಪೋಣಿಸಿ ದೇವರ ಕೋಣೆಯ ಪಕ್ಕದ ಪೆಟ್ಟಿಗೆಗೆ ತಂದಿದ್ದೇನೆ. ಆ ತಂತಿಯಲ್ಲಿ ಸದಾ ಅಲ್ಪ ವಿದ್ಯುತ್ತು ಹರಿಯುತ್ತಿರುತ್ತದೆ. ಬಾಗಿಲು ತೆರೆದರೂ, ಯಾರಾದರೂ ತಂತಿ ಕತ್ತರಿಸಿದರೂ ಹರಿವು ನಿಂತು, ಅದು ಹಿಡಿದಿಟ್ಟಿದ್ದ ರಿಲೇ ಎಂಬ ಕೊಂಡಿ ಬಿಡುತ್ತದೆ, ಮಾಡಿನ ಕೆಳಗಿನ ಗಂಟೆ ಬಾರಿಸುತ್ತದೆ. ಕರೆಂಟು ಹೋದರೆ ಬ್ಯಾಟರಿ ಉಂಟು. ಪೆಟ್ಟಿಗೆಯ ಕೀಲಿ ಬಲಕ್ಕೆ ತಿರುಗಿಸಿದರೆ ಕಾವಲು ಶುರು, ಎಡಕ್ಕೆ ತಿರುಗಿಸಿದರೆ ಬಂದ್. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತೆಂಟು ವರ್ಷ ರಿಲೇಗಳೊಡನೆ ಕಳೆದವನಿಗೆ ಇದೇನೂ ದೊಡ್ಡ ಕೆಲಸವಾಗಿರಲಿಲ್ಲ.

ಅಮ್ಮನೂ ಸುಭಾಷಿಣಿಯೂ ಉಡುಪಿಗೆ ಮದುವೆಯೂಟಕ್ಕೆ ಹೋಗಿದ್ದ ಮಧ್ಯಾಹ್ನ ಮುಂಬಾಗಿಲಿನ ಬೀಗ ಮುರಿದಿದ್ದಾರೆ. ಚಿನ್ನದಲ್ಲಿ ಸುಭಾಷಿಣಿಯ ಮೈಮೇಲಿದ್ದದ್ದಷ್ಟೇ ಉಳಿಯಿತು. ಪಕ್ಕದ ಮನೆಯ ಲೊರ್ನಾಬಾಯಿ ಜಗಲಿಯಲ್ಲೇ ಕುಳಿತಿದ್ದರೂ ಏನೂ ಕೇಳಿಸಲಿಲ್ಲ. ಮರುದಿನ ಪರೀಕ್ಷೆಗೆಂದು ಕಾವಲು ಹಾಕಿ ಪೊಲೀಸರೆದುರು ಹಿಂಬಾಗಿಲು ತೆರೆದಾಗ ಮಾತ್ರ ಗಂಟೆ ಮೂರು ಮನೆಗೆ ಕೇಳುವಂತೆ ಬಾರಿಸಿತು. ಹಾಗಾದರೆ ಪೆಟ್ಟಿಗೆಯ ಕೀಲಿ ತಿರುಗಿಸಿ ಗಂಟೆ ನಿಲ್ಲಿಸಿದವರು ಮನೆಯೊಳಗಿನವರೇ ಎಂದಾಯಿತು. ಕೀಲಿಕೈ ಇಡುವ ಜಾಗ ಬಲ್ಲವಳು, ಒಂಬತ್ತು ವರ್ಷದಿಂದ ನಮ್ಮ ಮನೆ ಗುಡಿಸಿ ಒರೆಸುವ ಸುಗಂಧಿ. ಅವಳನ್ನು ಎರಡು ದಿನ ವಿಚಾರಣೆಗೆ ಕರೆದರು. ಅವಳ ಮಗಳಿಗೆ ಹೆಬ್ರಿಯಲ್ಲಿ ನಿಶ್ಚಯವಾಗಿದ್ದ ಸಂಬಂಧ ಆ ವಾರವೇ ಮುರಿಯಿತು.

ವ್ಯವಸ್ಥೆಯಲ್ಲಿ ದೋಷವಿರಲಿಲ್ಲವೆಂದು ನಾನು ಸಹಿ ಹಾಕಿ ಕೊಟ್ಟರೆ ಅವಳ ಮೇಲಿನ ದೂರು ಗಟ್ಟಿಯಾಗುತ್ತದೆಂದು ಬರೆದಿದ್ದೀಯೆ. ನಿನ್ನ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಜುಲೈ ತಿಂಗಳ ಒಂದು ಸಂಜೆ ನೆನಪಾಗುತ್ತಿದೆ. ದೀಪ ಇಡುವ ಹೊತ್ತಿಗೆ ಹಿಂಬಾಗಿಲು ಮುಚ್ಚಿ ಮುಂಬಾಗಿಲು ತೆರೆದಿಡುವುದು ನಮ್ಮ ಮನೆಯ ಕ್ರಮ. ಹೆಂಗಸರಿಬ್ಬರೇ ಇರುವುದರಿಂದ ಸುಭಾಷಿಣಿ ಬೆಳಕಿರುವಾಗಲೇ ಕೀಲಿ ತಿರುಗಿಸಿ ಕಾವಲು ಹಾಕಿದ್ದಳು. ಅಮ್ಮ ಬಾಗಿಲು ತೆರೆದೊಡನೆ ಗಂಟೆ ಕಿರುಚಿತು; ಕೈಯಲ್ಲಿದ್ದ ದೀಪ ಹೊಸ್ತಿಲ ಮೇಲೆ ಬಿದ್ದು ನಂದಿಹೋಯಿತು. “ಲಕ್ಷ್ಮಿ ಬರುವ ಹೊತ್ತು ಮಗಾ. ಅವಳನ್ನೂ ಕಳ್ಳಿ ಅಂತ ಓಡಿಸ್ತದಾ ನಿನ್ನ ಯಂತ್ರ?” ಎಂದರು. ನನಗೆ ನಗು ಬಂತು. ಅವರು ನಗಲಿಲ್ಲ. ಅದಕ್ಕೊಂದು ವ್ಯವಸ್ಥೆ ಮಾಡಿಕೊಟ್ಟು ಕುಕ್ಕುಂದೂರಿಗೆ ಮರಳಿದೆ.

ಔಷಧಿ ಹೊತ್ತಿಗೆ ಸರಿಯಾಗಿ ತೆಗೆದುಕೋ. ಅಮ್ಮನ ಹರಕೆ ಸದಾ ನಿನ್ನ ಬೆನ್ನಿಗಿದೆ.

ನಿನ್ನ ಅಣ್ಣ,
ಕೃಷ್ಣರಾಜ

ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ: ಆ ಸಂಜೆ ಮುಂಬಾಗಿಲಿನ ಸ್ವಿಚ್ಚಿನ ಎರಡು ತುದಿಗಳನ್ನೂ ನಾಲ್ಕಂಗುಲದ ತಂತಿಯಿಂದ ಸೇರಿಸಿಬಿಟ್ಟಿದ್ದೆ. ಆಮೇಲೆ ಆ ಬಾಗಿಲು ತೆರೆದರೂ ಮುಚ್ಚಿದರೂ ಪೆಟ್ಟಿಗೆಗೆ ಒಂದೇ. ಆ ಬಾಗಿಲಿಗೆ ಬೇರೆಯೇ ಕೀಲಿಸ್ವಿಚ್ಚು ತಂದು ಹಾಕುವವರೆಗೆ ಎಂದುಕೊಂಡಿದ್ದೆ. ತರಲಿಲ್ಲ, ಯಾರಿಗೂ ಹೇಳಲೂ ಇಲ್ಲ. ಬಂದ ದಿನವೇ ಮುಚ್ಚಳ ತೆಗೆದು ನೋಡಿದೆ. ತಂತಿ ಅಲ್ಲೇ ಇತ್ತು. ಹತ್ತು ದಿನ ಸುಮ್ಮನಿದ್ದೆ. ಇಂದು ಬೆಳಿಗ್ಗೆ ಅದನ್ನು ಬಿಚ್ಚಿಕೊಂಡು, ತಪ್ಪು ನನ್ನದೆಂದು ಠಾಣೆಯಲ್ಲಿ ಬರೆದುಕೊಟ್ಟು ಸುಗಂಧಿಯ ಮನೆಗೆ ಹೋದೆ. ಅವಳು ಬೀಡಿ ಕಟ್ಟುತ್ತಿದ್ದಳು, ಏಳಲಿಲ್ಲ. ಎಲ್ಲ ಕೇಳಿದ ಮೇಲೆ, “ತಂತಿ ತೆಗೆದ್ರಲ್ಲ ರಾಯರೇ, ಇನ್ನು ನಿಮ್ಮ ಗಂಟೆ ಸರಿ ಆಯ್ತು. ನನ್ನ ಮಗಳದ್ದು ಎಂತ ಮಾಡುವುದು?” ಎಂದಳು. ನಾಳೆ ಮೊದಲ ಬಸ್ಸಿಗೆ ಹೆಬ್ರಿಗೆ ಹೊರಟಿದ್ದೇನೆ. ಗಂಡಿನ ಮನೆಯವರು ಒಳಗೆ ಕರೆಯುತ್ತಾರೋ ಇಲ್ಲವೋ ತಿಳಿಯದು. ಆ ತಂತಿಯ ತುಂಡನ್ನು ಇದರೊಳಗಿಟ್ಟು ನಿನಗೆ ಕಳುಹಿಸಬೇಕೆಂದಿದ್ದೆ. ಇಡಲಿಲ್ಲ. ಹೆಬ್ರಿಯಲ್ಲಿ ತೋರಿಸಲು ನನ್ನ ಬಳಿ ಬೇರೇನೂ ಇಲ್ಲ.