ಮೇಯರ್ ನಮ್ಮ ಬಾಗಿಲಿಗೆ ಬಂದ ದಿನ

ವೆರ್ನೂಜ್
೭ ಮಾರ್ಚ್ ೧೯೮೨, ಭಾನುವಾರ

ಪ್ರೀತಿಯ ಮಗಾಲಿ,

ನಿನ್ನ ಕೆಮ್ಮು ಹೇಗಿದೆ? ನಿನ್ನ ತಮ್ಮ ಫ್ಲೋರಾನ್‌ನನ್ನು ಮಣ್ಣು ಮಾಡುವಾಗಲೂ ಕೆಮ್ಮುತ್ತಲೇ ನಿಂತಿದ್ದೆ, ಕುತ್ತಿಗೆಗೆ ಒಂದು ಶಾಲು ಕೂಡ ಇರಲಿಲ್ಲ. ನಾಂತ್‌ನ ಚಳಿಯನ್ನು ನಂಬಬೇಡ, ಮಲಗುವ ಮುಂಚೆ ಬಿಸಿ ಹಾಲಿಗೆ ಜೇನು ಹಾಕಿಕೊಂಡು ಕುಡಿ. ನನ್ನ ಮಂಡಿನೋವು ಎಂದಿನಂತೆಯೇ ಇದೆ. ನಿನ್ನ ಅಪ್ಪ ಊಟ ಮಾಡುತ್ತಾರೆ, ಅಂದರೆ ತಟ್ಟೆಯ ಮುಂದೆ ಕೂರುತ್ತಾರೆ. ಅವರ ಸುದ್ದಿ ನಿನಗೆ ಬೇಡವೆಂದು ಗೊತ್ತು. ಆದರೆ ಈ ಕಾಗದದ ತುಂಬ ಅವರೇ ಇದ್ದಾರೆ, ಅರ್ಧಕ್ಕೆ ಮಡಚಿಡಬೇಡ.

ಊರು ಹಾಗೇ ಇದೆ. ಚರ್ಚಿಗೆ ಹೋಗುವವರು ಪಕ್ಕದ ಮನೆಯ ಮದಾಂ ರುಕೆತ್ ಅಂಗಡಿಯ ಬ್ರೆಡ್ ತಿನ್ನುತ್ತಾರೆ, ಹೋಗದವರು ಸೇತುವೆಯ ಹತ್ತಿರದ ಬುಸ್ಕೆ ಅಂಗಡಿಯದು. ನಿನ್ನ ಅಪ್ಪ ಸಮಾಜಶಾಸ್ತ್ರ ಓದಿ, ಇದರ ಮೇಲೆ ಒಂದು ಅಧ್ಯಾಯವನ್ನೇ ಬರೆದು, ಕೊನೆಗೆ ಮೇಯರ್ ಆದ ಮೇಲೆ ಕಂಡುಕೊಂಡ ಪರಿಹಾರವೆಂದರೆ ಎರಡೂ ಕಡೆ ಒಂದೊಂದು ಕೊಳ್ಳುವುದು. ಅವರು ಗೆದ್ದಾಗಿನಿಂದ ನಾನು ನಿನ್ನೆಯ ಬ್ರೆಡ್ಡಿನ ಸೂಪು ಮಾಡುತ್ತಲೇ ಇದ್ದೇನೆ. ಮದಾಂ ರುಕೆತ್ ಎಲ್ಲರೆದುರು, "ಮೇಯರ್ ಸಾಹೇಬ್ರೇ, ಅವರ ಬ್ರೆಡ್ ಕಚ್ಚಿ ಹಲ್ಲು ಮುರಿದ್ರೆ ಹೇಳಿ, ನಮ್ದು ಮೆತ್ತಗಿರತ್ತೆ" ಎಂದು ಕಾಲೆಳೆಯುತ್ತಿದ್ದಳು. ಈಗ ಆ ತಮಾಷೆಯೂ ನಿಂತಿದೆ. ಎರಡೂ ಅಂಗಡಿಯವರು ಬೆಳಗ್ಗೆ ಬ್ರೆಡ್ಡನ್ನು ಕಾಗದದಲ್ಲಿ ಸುತ್ತಿ ನಮ್ಮ ಕಿಟಕಿಯಲ್ಲಿಟ್ಟು ಸದ್ದಿಲ್ಲದೆ ಹೋಗುತ್ತಾರೆ.

ನಿನ್ನ ಸಿಟ್ಟು ತಪ್ಪೆಂದು ನಾನು ಹೇಳುವುದಿಲ್ಲ. ನಮ್ಮೂರಿನ ಬಗ್ಗೆ ಬರೆದ ಆ ಪುಸ್ತಕದಲ್ಲಿ ಊರಿನ ಹೆಸರು, ಜನರ ಹೆಸರು ಬದಲಾಯಿಸಿಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡ ಜಾಣ ಅವರು. ತಂದೆಯ ಹತ್ತಿರ ಉಪ್ಪಿನ ಡಬ್ಬಿ ಕೇಳುವುದಕ್ಕೆ ಬಿಟ್ಟರೆ ಬಾಯಿ ಬಿಡದ, ಪುಸ್ತಕದೊಳಗಿನ ಆ ಹುಡುಗಿ ಯಾರೆಂದು ಒಂದೇ ಬೆಳಗ್ಗೆ ಎರಡೂ ಅಂಗಡಿಗಳ ಸಾಲಿನಲ್ಲಿ ಗೊತ್ತಾಗಿಹೋಯಿತು. "ನಾನು ನಿಮಗೆ ಮಗಳೋ, ಉದಾಹರಣೆಯೋ?" ಎಂದು ನೀನು ಕೇಳಿದೆ. ಅದಕ್ಕೂ ಅವರು ಯೋಚಿಸಿ ಉತ್ತರ ಕೊಡಲು ಹೊರಟರು, ಅಷ್ಟರಲ್ಲಿ ನೀನು ಪೆಟ್ಟಿಗೆ ಹಿಡಿದು ಬಸ್ಸು ಹತ್ತಿಯಾಗಿತ್ತು. ಮೇಯರ್ ಜೊತೆಗೆ ಸಂಸದರೂ ಆದ ಮೇಲೆ ವಾರದ ಅರ್ಧ ಪ್ಯಾರಿಸ್‌ನ ಸಂಸತ್ತಿಗೆ, ಇನ್ನರ್ಧ ಊರವರಿಗೆ, ರಾತ್ರಿಯೆಲ್ಲ ಪುಸ್ತಕಕ್ಕೆ. ನಮಗೆ ಉಳಿಯುತ್ತಿದ್ದದ್ದು ಒರೆಸಬೇಕಾದ ಅವರ ಬೂಟು. ಅದೂ ನಿಜವೇ. ಆದರೆ ಸ್ಮಶಾನದಲ್ಲಿ ನೀನು ನನ್ನ ಕಿವಿಯಲ್ಲಿ, "ಅವತ್ತೂ ಪ್ಯಾರಿಸ್‌ನಲ್ಲೇ ಇದ್ರು ತಾನೇ?" ಎಂದೆ. ಸಂಜೆಯೇ ನೀನು ಅವರ ಕೈ ಕೂಡ ಮುಟ್ಟದೆ ಹೊರಟುಹೋದೆ. ಇಲ್ಲ ಮಗಾಲಿ, ಫ್ಲೋರಾನ್ ಸತ್ತ ದಿನ ಅವರು ಇಲ್ಲೇ ಇದ್ದರು.

ರಸ್ತೆಯಲ್ಲಿ ಯಾರಾದರೂ ಸತ್ತರೆ ಪೊಲೀಸರು ಮೊದಲು ಪುರಭವನಕ್ಕೆ ಬರುವುದು, ಮೇಯರ್ ಮುಂದಾಗಿ ಆ ಮನೆಗೆ ಹೋಗಿ ಹೇಳುವುದು ನಿನಗೆ ಗೊತ್ತೇ ಇದೆ. ಅವರು ಅದನ್ನು ಹೇಗೆ ಮಾಡುತ್ತಿದ್ದರೆಂದು ನಿನಗೆ ಗೊತ್ತಿರಲಾರದು. ಟೋಪಿ ಕೈಯಲ್ಲಿ ಹಿಡಿದೇ ಹೋಗುತ್ತಿದ್ದರು. ಮನೆಯವರನ್ನು ಮೊದಲು ಕೂರಿಸಿ, ಹೆಸರು ಹೇಳಿ, ಸತ್ತ ಎನ್ನುತ್ತಿದ್ದರು. ಪೆಟ್ಟಾಗಿದೆ, ಆಸ್ಪತ್ರೆಗೆ ಸೇರಿಸಿದ್ದಾರೆ ಎಂದೆಲ್ಲ ಸುತ್ತಿ ಬಳಸಿ ಹೇಳಿದರೆ ಆಸೆ ಕೊಟ್ಟು ಕಿತ್ತುಕೊಂಡ ಹಾಗಾಗುತ್ತದೆ ಎನ್ನುವುದು ಅವರ ಮಾತು. ಅಕ್ಕಪಕ್ಕದವರು ಯಾರಾದರೂ ಬರುವವರೆಗೆ ನಿಂತಿದ್ದು, ಆಮೇಲೆ ಹೊರಡುತ್ತಿದ್ದರು. ಅವರ ಹಿಂದೆ ನಾನು ಸೂಪಿನ ಪಾತ್ರೆ ಹಿಡಿದು ಹೋಗುತ್ತಿದ್ದೆ. ನಾವಿಬ್ಬರೂ ಜೊತೆಯಾಗಿ ಮಾಡಿದ ಕೆಲಸ ಎಂದರೆ ಅದೊಂದೇ ಇರಬೇಕು.

ಆ ಮಂಗಳವಾರ ಶಾಲೆಯ ಬಾಯ್ಲರ್ ಕೆಟ್ಟು, ಮಕ್ಕಳು ಚಳಿಯಲ್ಲಿ ಕೂತಿದ್ದಾರೆಂದು ಅವರು ಪ್ಯಾರಿಸ್ ರೈಲು ಹತ್ತದೆ ಉಳಿದಿದ್ದರು. ರಿಪೇರಿಯವನ ಜೊತೆ ಜಗಳವಾಡುತ್ತಿರುವಾಗ ಪೊಲೀಸ್ ದಫೇದಾರ್ ಲಕೋಂಬ್ ಬಂದ. ಇದನ್ನೆಲ್ಲ ಆಮೇಲೆ ಅವನೇ ನನಗೆ ಅಳುತ್ತಾ ಹೇಳಿದ. ಪ್ರತಿ ಸಲ ಹೇಳುವ ಮಾತೇ ಅವನ ಬಾಯಿಗೆ ಬಂತಂತೆ: "ಮೇಯರ್ ಸಾಹೇಬ್ರೇ, ಒಂದು ಮನೆಗೆ ಹೋಗ್ಬೇಕಿತ್ತು." ಇವರು ಆಗಲೇ ಕೋಟು ಹಾಕಿಕೊಂಡು ಯಾರ ಮನೆಗೆಂದು ಕೇಳಿದರು. "ಅಲ್ಲಯ್ಯಾ, ಯಾರ ಮನೆ ಅಂತ ಹೇಳ್ದೆ ಇದ್ರೆ ದಾರೀಲಿ ನಾನು ಮಾತು ಹ್ಯಾಗೆ ಹೊಂದಿಸ್ಕೊಳ್ಳಿ?" ಎಂದು ಇವರು ರೇಗಿದರು. ಅವನು ಟೋಪಿ ತೆಗೆದು, "ನಿಮ್ಮ ಮನೆಗೇ ಸಾರ್" ಎಂದ. ತಾನೇ ಹೋಗಿ ಹೇಳುತ್ತೇನೆಂದು ಕೈ ಹಿಡಿದುಕೊಂಡನಂತೆ. ಇವರು ಬೇಡ, ಅದು ಮೇಯರ್ ಕೆಲಸ ಎಂದರಂತೆ.

ನಾನು ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಕೈಯಲ್ಲಿ ಟೋಪಿ, ಹಿಂದೆ ಲಕೋಂಬ್. ಬೀದಿಯ ಹೆಂಗಸರೆಲ್ಲ ಹೊಸ್ತಿಲಲ್ಲಿ ಹಾಗೇ ನಿಂತಿದ್ದರು, ಇವರು ತಮ್ಮ ಮನೆ ದಾಟಿದರೆ ಸಾಕೆಂದು. ಪಾಪ, ಯಾರ ಮನೆಯೋ ಎಂದುಕೊಂಡು ನಾನು ಒಲೆಯ ಮೇಲಿನ ಸೂಪಿಗೆ ಮುಚ್ಚಳ ಹುಡುಕಿದೆ. ಆಗ ಬಾಗಿಲು ತಟ್ಟಿದ ಸದ್ದಾಯಿತು. ಬೀಗದ ಕೈ ಅವರ ಜೇಬಿನಲ್ಲೇ ಇತ್ತು ಮಗಾಲಿ, ಆದರೂ ತಟ್ಟಿದರು. "ಓಡಿಲ್, ಕೂತ್ಕೋ" ಎಂದರು. ಹೇಳಬೇಡಿ ಎಂದೆ. "ಫ್ಲೋರಾನ್ ಸತ್ತ" ಎಂದರು. ಮದಾಂ ರುಕೆತ್ ಓಡಿ ಬಂದು ನನ್ನನ್ನು ಹಿಡಿದುಕೊಂಡಳು. ಪಕ್ಕದವರು ಬಂದ ಮೇಲೆ ಹೊರಡುವುದು ಅವರ ಅಭ್ಯಾಸ ತಾನೇ. ಅಭ್ಯಾಸಬಲದಿಂದ ಬಾಗಿಲವರೆಗೆ ಹೋದರು. ಹೋಗಲು ಇನ್ನೊಂದು ಮನೆ ಇಲ್ಲದೆ ಟೋಪಿ ಹಿಡಿದುಕೊಂಡು ಅಲ್ಲೇ ನಿಂತರು.

ಈ ಮಾತು ನಿನಗೆ ತಿಳಿಸೋಣವೆಂದರೆ, "ಬಿಡು, ಅವಳಿಗೂ ಈಗ ಯಾರ ಮೇಲಾದ್ರೂ ಸಿಟ್ಟು ಬೇಕು" ಎನ್ನುತ್ತಾರೆ. ನನಗೆ ಮಾತ್ರ ಬರೆದ ನಿನ್ನ ಮದುವೆಯ ಕಾರ್ಡನ್ನು ಅವರಿಗೂ ಓದಿ ಹೇಳಿದೆ. ಬೇಸಿಗೆಯಲ್ಲಿ ನಾಂತ್‌ನ ಪುರಭವನದಲ್ಲಿ, ನಾಲ್ಕು ಜನರೆದುರು ಎಂದೆ. ಇಡೀ ಊರಿನ ಮಕ್ಕಳಿಗೆ ಮೇಯರ್ ಆಗಿ, ಹೆಗಲಿಗೆ ದೇಶದ ಬಾವುಟದ ಮೂರು ಬಣ್ಣದ ಪಟ್ಟಿ ಧರಿಸಿ ಮದುವೆ ಮಾಡಿಸಿದ ಮನುಷ್ಯ, ಒಳ್ಳೇದಾಗಲಿ ಎಂದಷ್ಟೇ ಹೇಳಿ ಎದ್ದುಹೋದರು.

ನಿನಗೂ ದೆನಿಸ್‌ಗೂ ಹೊಟ್ಟೆ ತುಂಬ ಊಟ, ಕಣ್ಣು ತುಂಬ ನಿದ್ದೆ ಇರಲಿ. ಅವನ ತಾಯಿಗೆ ನನ್ನ ನಮಸ್ಕಾರ ಹೇಳು.

ನಿನ್ನ ಅಮ್ಮ,
ಓಡಿಲ್

ತಾ.ಕ.: ಸೋಮವಾರ ಬೆಳಗ್ಗೆ. ಅಂಚೆ ತೆಗೆಯುವ ಹೊತ್ತಾಯಿತು, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಈ ಊರಲ್ಲಿ ಮದುವೆಯಾಗಬೇಕಾದರೆ ಮುಂಚೆ ಒಂದು ತಿಂಗಳು ಇಲ್ಲೇ ವಾಸವಿರಬೇಕು, ಅದು ಕಾನೂನು. ಮದುವೆ ನಿನಗೆ ಎಲ್ಲಿ ಬೇಕೋ ಅಲ್ಲಿ ಮಾಡಿಕೋ, ಆ ಒಂದು ತಿಂಗಳು ಮಾತ್ರ ನನಗೆ ಕೊಡು. ಅವತ್ತಿನಿಂದ ಮುಂಬಾಗಿಲಲ್ಲಿ ಅವರ ಹೆಜ್ಜೆ ಕೇಳಿದರೆ ನಾನು ಒಳಗಿನಿಂದ ಚಿಲಕ ಹಾಕಿಬಿಡುತ್ತೇನೆ. ಬೇಕೆಂದು ಮಾಡುವುದಲ್ಲ, ಕೈ ತಾನಾಗಿ ಹೋಗುತ್ತದೆ. ಅವರು ಹಿತ್ತಲಿಗೆ ಸುತ್ತಿಕೊಂಡು ಬರುತ್ತಾರೆ, ಏನೂ ಆಗಿಲ್ಲವೆಂದು ನನಗೆ ತಿಳಿಯಲೆಂದು ದೂರದಿಂದಲೇ ಸಿಳ್ಳೆ ಹಾಕುತ್ತಾ. ಬಾ ಮಗಳೇ. ನಿನ್ನ ಅಪ್ಪನಿಗೆ ಬಾಗಿಲು ತೆಗೆಯುವವರು ಯಾರೂ ಇಲ್ಲ.