ಬಾಯಿ ಮುಚ್ಚದ ಕಾರು

ಮಾರ್ಚ್ 3

ಮತ್ತೆ ಮ್ಯಾಟ್ ಹಿಂಡಿದೆ. ಅರ್ಧ ಬಕೆಟ್ ನೀರು. ನಿನ್ನೆ ಬಂದದ್ದು ಒಂದು ಗಳಿಗೆಯ ಮಳೆ. ರಸ್ತೆ ಆಗಲೇ ಒಣಗಿದೆ, ಕಾರಿನೊಳಗೆ ಮಾತ್ರ ಕೆರೆ. ಲಕ್ಸುರಿ ಎನ್ನುವುದು ಇದಕ್ಕೇ ಇರಬೇಕು — ಸ್ವಂತ ಈಜುಕೊಳ.

ಒಣಗಲಿ ಎಂದು ಕಾರಿನ ಮಡಚುವ ಟಾಪ್ ತೆಗೆಯುವ ಬಟನ್ ಒತ್ತಿದೆ. ಕುಂಯ್ ಎಂದಿತು. ಅರ್ಧ ಎದ್ದಿತು. ನಿಂತಿತು. ಇನ್ನೊಮ್ಮೆ ಒತ್ತಿದೆ. ಏರಲೂ ಇಲ್ಲ, ಇಳಿಯಲೂ ಇಲ್ಲ. ಆಕಳಿಸಲು ಹೋಗಿ ದವಡೆ ಹಿಡಿದುಕೊಂಡವನ ಹಾಗೆ ನಿಂತಿದೆ.

ಮಗಳ ಫೋನು. "ಮಾರಿಬಿಡಿ ಅಪ್ಪ, ಸಾಕು."

"ಯಾರು ತಗೋತಾರೆ ಇದನ್ನ?"

"ಪ್ರಪಂಚದಲ್ಲಿ ನಿಮ್ಮಂಥವರು ಇನ್ನೊಬ್ಬರು ಇರಲ್ವಾ?"

ಅವಳ ಅಮ್ಮನ ನಾಲಿಗೆ. ಹಾಗೇ ಇಳಿದು ಬಂದಿದೆ.

ಮಾರ್ಚ್ 5

ಮೆಕ್ಯಾನಿಕ್ ಬಂದಿದ್ದ. ಎಲ್ಲರೂ ಅವನನ್ನು ಸ್ಕ್ಯಾನರ್ ಎಂದೇ ಕರೆಯುವುದು. ಸ್ಟೀರಿಂಗ್ ಕೆಳಗೆ ಒಂದು ವೈರು ಚುಚ್ಚಿ, ಕೈಯಲ್ಲಿನ ಡಬ್ಬಿ ನೋಡಿ, ಸಾವಿನ ಮನೆಗೆ ಬಂದವನ ಮುಖ ಮಾಡಿದ.

"ಟಾಪ್ ಎತ್ತೋ ಪಂಪು ಡಿಕ್ಕೀಲಿದೆ ಸಾರ್. ನೀರು ಕುಡಿದು ಸತ್ತಿದೆ. ಒಂದು ಲಕ್ಷ ಎಂಬತ್ತು ಸಾವಿರ ಆಗುತ್ತೆ. ಟಾಪಿನ ಎರಡೂ ಸಿಲಿಂಡರ್ ಆಯಿಲ್ ಸೋರ್ತಿವೆ, ತೊಂಬತ್ತು ಸಾವಿರ. ಕಂಟ್ರೋಲ್ ಯೂನಿಟ್ಟು... ಕೂತ್ಕೊಳ್ಳಿ, ಆಮೇಲೆ ಹೇಳ್ತೀನಿ."

"ಕೂತೇ ಇದೀನಿ ಮಾರಾಯ."

"ಕೂಲೆಂಟೂ ಲೀಕು. ಹಿಂದಿನ ಏರ್ ಸಸ್ಪೆನ್ಶನ್ ಒಂದು ಕಡೆ ಕೂತುಬಿಟ್ಟಿದೆ. ನಿಮ್ಮ ಹಾಗೇ."

ಎಲ್ಲ ಕೂಡಿಸಿದರೆ ಕಾರು ಕೊಂಡ ದುಡ್ಡಿನ ಅರ್ಧಕ್ಕೂ ಮೇಲೆ. ಅದೂ ಪಾರ್ಟು ಹಡಗಿನಲ್ಲಿ ಬಂದರೆ.

ಆಮೇಲೆ ನೀರು ಎಲ್ಲಿಂದ ಬರುತ್ತದೆ ಎಂದು ಟಾಪಿನ ರಬ್ಬರ್ ಕಿತ್ತ. ಒಳಗೆ ಹತ್ತಿ. ಕಿರುಬೆರಳಿನಷ್ಟು ಉದ್ದದ ಉರುಳೆಗಳು. ಒಂದರ ಬಾಲಕ್ಕೆ ಇನ್ನೊಂದು, ಸಂದಿಯುದ್ದಕ್ಕೂ, ನೀಟಾಗಿ.

"ಇದೇನ್ ಸಾರ್... ಕಾರಿಗೆ ಹಲ್ಲು ಕಿತ್ತಿದಾರಾ?"

ನಗಲಿಲ್ಲ ನಾನು. ಈ ಕಾರು ಮಾರಿದವನು ಹಲ್ಲಿನ ಡಾಕ್ಟರು.

ಅದೇ ದಿನ, ಸಂಜೆ

ಬರೆಯದಿದ್ದರೆ ತಲೆ ಸಿಡಿಯುತ್ತದೆ.

ಮುಚ್ಚಿದ ಗಾಡಿ ಎಂದರೆ ನನ್ನ ಹೆಂಡತಿಗೆ ವಾಂತಿ. ಮದುವೆಯಾದಂದಿನಿಂದ ಎಲ್ಲಿಗೆ ಹೋದರೂ ಬಸ್ಸು, ಮುಂದಿನ ಸೀಟು, ಕಿಟಕಿಯ ಹೊರಗೆ ಮುಖ. ಓಪನ್ ಕಾರು ಒಂದು ತೆಗೆದುಕೊಳ್ಳೋಣ ಎನ್ನುತ್ತಿದ್ದೆ. ತಮಾಷೆಗೆ. ಅವಳು ಹೋದ ಮೇಲೆ ತಮಾಷೆ ನಿಜವಾಗಿ ತಲೆಗೆ ಹತ್ತಿತು. ಕಾರು ನೋಡಲು ಹೋದ ದಿನ ಇದನ್ನೆಲ್ಲ ಆ ಡಾಕ್ಟರಿನ ಮುಂದೆ ಹರಟಿದೆ — ನನ್ನ ನಾಲಿಗೆಗೆ ಬ್ರೇಕ್ ಎಲ್ಲಿದೆ? ಆದರೂ ಕೊಳ್ಳುವ ಧೈರ್ಯ ಬಂದಿರಲಿಲ್ಲ. ಎದ್ದು ಹೊರಟಿದ್ದೆ. ಅವನು ಬಾನೆಟ್ ತಟ್ಟಿದ.

"ಆಂಟಿ ಇದ್ದಿದ್ರೆ ಇದರಲ್ಲಿ ಗಾಳಿ ಕುಡ್ಕೊಂಡು ಆರಾಮಾಗಿ ಕೂರ್ತಿದ್ರು ಅಂಕಲ್."

ಬ್ರೋಕರು, ಅಕ್ಕಪಕ್ಕದವರು, ಎಲ್ಲರ ಎದುರಿಗೆ. ಅಲ್ಲಿಗೆ ಸಹಿ ಹಾಕಿದೆ.

ಹತ್ತಿ ತುರುಕಿದ ಕೈಯಿಂದಲೇ ಬಾನೆಟ್ ತಟ್ಟಿದ್ದ. ಸತ್ತವಳನ್ನು ಸೇಲ್ಸ್‌ಗರ್ಲ್ ಮಾಡಿದ. ದುಡ್ಡು ಹಾಳಾಗಲಿ. ಇದನ್ನು ಬಿಡುವುದಿಲ್ಲ.

ಮಾರ್ಚ್ 6

ಕ್ಲಿನಿಕ್ಕಿಗೆ ಹೋಗಿ ಹತ್ತಿಯ ಉರುಳೆ ಅವನ ಟೇಬಲ್ ಮೇಲಿಟ್ಟೆ.

"ಹತ್ತಿ ಎಲ್ಲಾ ಕಡೆ ಸಿಗುತ್ತೆ ಅಂಕಲ್. ಸೋರೋದು ನನಗೆ ಗೊತ್ತಿರಲಿಲ್ಲ."

ನಕ್ಕ. ಹಲ್ಲು ಮಾತ್ರ ಚೆನ್ನಾಗಿವೆ.

ನನಗೆ ಬೇಕಾದದ್ದು ಒಂದೇ. "ಗೊತ್ತಿತ್ತು." ಅವನ ಬಾಯಿಂದಲೇ. ನಾಲ್ಕು ಜನರ ಎದುರಿಗೇ. ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು ಹೇಳಿದ್ದರು, ಎರಡು ಹಳೆಯ ಸಂಗತಿ ಇದ್ದರೆ ಮೊದಲು ನಡೆದದ್ದಕ್ಕೆ ಪಾಸ್ಟ್ ಪರ್ಫೆಕ್ಟ್. ಹಿ ಹ್ಯಾಡ್ ನೋನ್... ನೋನ್ ಸರಿಯೋ, ನ್ಯೂ ಸರಿಯೋ? ಏನಾದರೂ ಆಗಲಿ. ಮಾರುವ ಮೊದಲೇ ಗೊತ್ತಿತ್ತು. ಟೆನ್ಸ್ ತಪ್ಪಿರಬಹುದು, ಪರ್ಫೆಕ್ಟ್ ಮೋಸವಂತೂ ಹೌದು.

ಮಾರ್ಚ್ 10

ಸ್ಕ್ಯಾನರ್ ಕಾರನ್ನು ಎಳೆದು ತಂದು ಕ್ಲಿನಿಕ್ಕಿನ ಬಾಗಿಲ ನೇರಕ್ಕೆ ನಿಲ್ಲಿಸಿ ಹೋದ. ಸಾರ್ವಜನಿಕ ರಸ್ತೆ. ನೋ ಪಾರ್ಕಿಂಗ್ ಬೋರ್ಡಿಲ್ಲ. ನಾನು ಒಳಗೆ ಕೂತೆ. ಛತ್ರಿ, ನೀರಿನ ಬಾಟ್ಲಿ, ಈ ಡೈರಿ.

ಕೆನ್ನೆ ಹಿಡಿದುಕೊಂಡು ಬಂದವರೆಲ್ಲ ನಿಂತು ನೋಡುತ್ತಾರೆ.

"ಯಾರದ್ದು ಸಾರ್ ಇದು?"

"ಒಳಗಿರೋ ಡಾಕ್ಟ್ರದ್ದು. ನಾನು ಬರೀ ಓನರು."

ಬಾಯಿಗೆ ಸೆರಗು ಒತ್ತಿಕೊಂಡ ಒಬ್ಬ ಹೆಂಗಸು ಇಡೀ ಕಥೆ ಕೇಳಿದಳು. "ಅಯ್ಯೋ, ಬಾಯಿ ತೆಗೆಸಿ ಹಾಗೇ ಬಿಟ್ಟುಬಿಡ್ತಾರಾ ಇವರು?" ಎಂದಳು. ಬಂದ ದಾರಿಯಲ್ಲೇ ವಾಪಸ್ಸು. ಹೊಟ್ಟೆ ತಣ್ಣಗಾಯಿತು.

ಮಧ್ಯಾಹ್ನ ಅವನೇ ಬಂದ. "ಗಾಡಿ ತೆಗೀರಿ ಅಂಕಲ್."

"ಸ್ಟಾರ್ಟ್ ಆಗಲ್ಲ ಡಾಕ್ಟ್ರೇ. ಯಾಕೆ ಅಂತ ನಿಮಗೆ ಗೊತ್ತಿರಲ್ಲ ಬಿಡಿ."

ಮಾರ್ಚ್ 14

ಕ್ಲಿನಿಕ್ಕಿನ ಕಾಂಪೌಂಡರ್ ರಾಯಭಾರಕ್ಕೆ ಬಂದ. ಬೆಳಿಗ್ಗೆ ಅರ್ಧ ದುಡ್ಡು. ಮಧ್ಯಾಹ್ನ ಪೂರ್ತಿ.

"ಕಾರೂ ಅವರೇ ತಗೋತಾರಂತೆ. ಇವತ್ತೇ ಇಲ್ಲಿಂದ ಹೋಗ್ಬೇಕಂತೆ."

"ಗೊತ್ತಿತ್ತು ಅಂತ ಹೇಳ್ತಾರಂತಾ?"

"ಅದು... ಅದೊಂದನ್ನ ಹೇಳಲ್ವಂತೆ."

"ಹಾಗಾದ್ರೆ ದುಡ್ಡು ಅವರೇ ಇಟ್ಕೊಳ್ಳಲಿ. ಹತ್ತಿ ತಗೊಳ್ಳೋಕಾಗುತ್ತೆ."

ಮಗಳಿಗೆ ಹೇಳಿದೆ. ಬೈದಳು. ಪೂರ್ತಿ ದುಡ್ಡು ಬಂದರೂ ಬೇಡವಾ, ನಿಮಗೇನು ಹುಚ್ಚಾ. ನಿನ್ನ ಅಮ್ಮನ ಮಾತೆತ್ತಿ ಮಾರಿದ ಎಂದೆ. ಇಷ್ಟು ದಿನ ಹೇಳಿರಲಿಲ್ಲ ಅವಳಿಗೆ. ಕೇಳಿ ಅಂದಳು, "ಟೋಪಿ ಹಾಕ್ಕೊಂಡು ಕೂತ್ಕೊಳ್ಳಿ ಅಪ್ಪ, ಬಿಸಿಲು."

ಮಾರ್ಚ್ 21

ಒಂದು ವಾರದಿಂದ ಬರೆದಿಲ್ಲ. ಹಲ್ಲುನೋವು, ಎಡಗಡೆ ಕೆಳದವಡೆ. ಕೆನ್ನೆ ಬನ್ನಿನ ಹಾಗೆ ಊದಿದೆ. ಬೇರೆ ಡಾಕ್ಟರಿರುವುದು ಊರಿನ ಆ ತುದಿಗೆ. ಅಲ್ಲಿಗೆ ಹೋಗಿ ಬರುವಷ್ಟರಲ್ಲಿ ಇವನು ಕ್ರೇನ್ ತರಿಸಿ ಕಾರು ಎತ್ತಿಸಿದರೆ? ಜಾಗ ಬಿಡುವ ಹಾಗಿಲ್ಲ. ರಸ್ತೆ ದಾಟಿದೆ. ಒಳಗೆ ಹೋದೆ.

ನೋಡಿ ಅವನಿಗೂ ಗಾಬರಿ. ಕುರ್ಚಿ ತೋರಿಸಿದ.

"ಬಾಯಿ ಬಿಡಿ ಅಂಕಲ್." ಇಣುಕಿದ. "ರೂಟ್ ಕೆನಾಲ್. ಮೂರು ಸಿಟ್ಟಿಂಗ್ ಬೇಕಾಗುತ್ತೆ."

ಸಿಟ್ಟಿಗೆ ಐಎನ್‌ಜಿ ಸೇರಿದರೆ ಸಿಟ್ಟಿಂಗ್. ನಾನು ಹೊರಗೆ ಮಾಡುತ್ತಿರುವುದೂ ಅದನ್ನೇ.

ಇಂಜೆಕ್ಷನ್. ಅರ್ಧ ಮುಖ ಬೇರೆಯವರದ್ದಾಯಿತು. ಬಾಯಲ್ಲಿ ಪೈಪು, ಕನ್ನಡಿ, ಅವನ ಬೆರಳು. ಕಾಂಪೌಂಡರ್ ಏನೋ ತರಲು ಹೊರಗೆ ಹೋದ. ಡ್ರಿಲ್ ಗುಂಯ್ ಎನ್ನುತ್ತಿತ್ತು. ಅವನು ಕಿವಿಯ ಹತ್ತಿರ ಬಗ್ಗಿದ.

"ಗೊತ್ತಿತ್ತು ಅಂಕಲ್. ಆಂಟಿ ವಿಷಯ ಎತ್ತಬಾರದಿತ್ತು."

"ಆಂ... ಆಂ!"

"ನೋವಾಗ್ತಿದೆಯಾ?"

ರಣಹೇಡಿ! ನನ್ನ ನಾಲಿಗೆ ಮಲಗಿಸಿ ಹೇಳುತ್ತಾನೆ. ಕೇಳಿದವರು ಯಾರು — ಡ್ರಿಲ್ಲು! ಅವಳ ಮಾತೆತ್ತಿದ್ದು ಹಾಡುಹಗಲು, ಜನರ ನಡುವೆ. ತಪ್ಪೊಪ್ಪಿಗೆ ಮಾತ್ರ ಕಿವಿಯಲ್ಲಿ? ಆಗುವುದಿಲ್ಲ. ಫೀಸು ಬೇಡ ಎಂದ. ಪೂರ್ತಿ ಎಣಿಸಿ ಟೇಬಲ್ ಮೇಲಿಟ್ಟು ಬಂದೆ.

ಮಾರ್ಚ್ 28, ಬೆಳಿಗ್ಗೆ 11, ಕ್ಲಿನಿಕ್ಕಿನ ಬೆಂಚು

ಎರಡನೇ ಸಿಟ್ಟಿಂಗ್. ಬೆಂಚು ತುಂಬಿದೆ. ಒಬ್ಬರಿಗೆ ಹಲ್ಲಿನ ಕ್ಲಿಪ್ಪು, ಒಬ್ಬರಿಗೆ ಹಲ್ಲುಸೆಟ್ಟು, ಎಲ್ಲರ ಕಣ್ಣೂ ಕಿಟಕಿಯಾಚೆಯ ಕಾರಿನ ಮೇಲೆ. ಡೈರಿ ತೊಡೆಯ ಮೇಲಿದೆ. ಅವನ ಬಾಯಿಂದ ಬಿದ್ದದ್ದನ್ನು ಬಿಸಿಬಿಸಿಯಾಗಿ ಬರೆದುಕೊಳ್ಳಬೇಕು. ನಾಳೆ ಮಗಳ ಮುಂದೆ ಓದಿ ಹೇಳಬೇಕು. ಒಂದಕ್ಷರ ಆಚೀಚೆ ಆಗಬಾರದು.

ಬಂದ. ಮಾಸ್ಕು, ಗ್ಲೌಸು. "ಬನ್ನಿ ಅಂಕಲ್, ನಿಮ್ಮದೇ."

ನಾನು ಏಳಲಿಲ್ಲ. ಗಟ್ಟಿಯಾಗಿಯೇ ಹೇಳಿದೆ, "ಹೋದ ಸಲ ನಾನು ಬಾಯಿ ಬಿಟ್ಟೆ ಡಾಕ್ಟ್ರೇ. ಇವತ್ತು ನಿಮ್ಮ ಸರದಿ."

"ಒಳಗೆ ಮಾತಾಡೋಣ."

"ಇಲ್ಲೇ. ಕಿವಿಯಲ್ಲಿ ಹೇಳಿದ್ದು ಇವರಿಗೂ ಕೇಳಿಸಲಿ."

ಕ್ಲಿಪ್ಪಿನವಳು, "ಹೇಳಿ ಡಾಕ್ಟ್ರೇ, ನಾವೂ ಎಷ್ಟು ದಿನದಿಂದ ಕಾಯ್ತಿದೀವಿ."

ಯಾರೋ ಕಿಸಕ್ಕೆಂದರು. ಅವನು ಕಿಟಕಿಯ ಕಡೆ ನೋಡಿದ. ಮಾಸ್ಕು ಇಳಿಸಿದ. ಈ ಸಲ ಹಲ್ಲು ಕಾಣಿಸಲಿಲ್ಲ. ತುಟಿ ಒಣಗಿದೆ. ಹೇಳುತ್ತಿದ್ದಾನೆ. ಬರೆದುಕೊಳ್ಳುತ್ತಿದ್ದೇನೆ — "ಇವರ ಹೆಂಡತಿ ವಿಷಯ ಎತ್ತಿ ನಾನು ಈ ಕಾರು ಮಾರಿದೆ. ಸೋರುತ್ತೆ ಅಂತ ನನಗೆ ಗೊತ್ತಿತ್ತು."