ಒಂದು ಉದ್ದ ಪ್ರಾರ್ಥನೆ

ಅಕ್ಟೋಬರ್ 14, ಸೋಮವಾರ ಮಧ್ಯಾಹ್ನ

ನನ್ನ ಜಾಣೆಗೆ,

ಕರ್ತನ ದಯೆಯಿಂದ ಇಲ್ಲಿ ನಾನು ಚೆನ್ನಾಗಿದ್ದೇನೆ. ಅಲ್ಲಿ ನೀನು, ಮಗಳು, ಅಳಿಯಂದಿರು, ಹೊಸ ಮೊಮ್ಮಗಳು ಎಲ್ಲರೂ ಸುಖವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಪತ್ರ ಬಂದು ಇಪ್ಪತ್ತೆರಡು ದಿನವಾಯಿತು. ಪುರುಸೊತ್ತಿರಲಿಲ್ಲ ಎಂದರೆ ನೀನು ಅಲ್ಲಿಂದಲೇ ಮೂಗು ಮುರಿಯುತ್ತೀಯ. ಪುರುಸೊತ್ತು ಬೇಕಾದಷ್ಟಿತ್ತು. ಬರೆಯುವ ಧೈರ್ಯ ಇರಲಿಲ್ಲ, ಕ್ಷಮಿಸು.

ನೀನು ಸುತ್ತಿ ಬಳಸಿ ಕೇಳುವವಳಲ್ಲ. "ಹೆರಿಗೆಯಾಗಿ ಮೂರು ತಿಂಗಳಾಯ್ತು. ಇನ್ನು ನಾನು ಅಲ್ಲಿಗೆ ಯಾಕೆ ಬರಬೇಕು? ಸಭೆಗೆ ಬೇಕು ಅನ್ನೋದನ್ನ ಬಿಟ್ಟು ಬೇರೆ ಒಂದು ಕಾರಣ ಇದ್ರೆ ಬರೀರಿ. ಇಲ್ಲದಿದ್ರೆ ನನ್ನ ಬಟ್ಟೆಬರೆ ಕಳಿಸಿಬಿಡಿ" ಎಂದಿದ್ದೀಯ. ಕಾರಣ ಹುಡುಕುತ್ತಾ ಕೂತೆ. ಇಪ್ಪತ್ತು ವರ್ಷ ಪ್ರತಿ ಭಾನುವಾರ ಚರ್ಚಿನಲ್ಲಿ ಮುಕ್ಕಾಲು ಗಂಟೆ ಪ್ರಸಂಗ ಮಾಡಿದವನಿಗೆ ಒಂದು ವಾಕ್ಯ ಬರೆಯಲಾಗಲಿಲ್ಲ ನೋಡು.

ಮೊದಲು ಇಲ್ಲಿನ ಸುದ್ದಿ. ಮನೆ ಭೇಟಿಗೆ ಈಗ ಒಬ್ಬನೇ ಹೋಗುತ್ತೇನೆ. ಇಷ್ಟು ದಿನ ಮಾತೆಲ್ಲ ನಿನ್ನದು, ಪ್ರಾರ್ಥನೆ ಮಾತ್ರ ನನ್ನದು. ಈಗ ಎರಡೂ ನನ್ನ ತಲೆಗೆ ಬಂದಿವೆ. ಈ ಊರಿನವರ ಭಾಷೆ ನನಗೆ ಪ್ರಸಂಗಕ್ಕೆ ಸಾಲುತ್ತದೆ, ಹರಟೆಗೆ ಸಾಲುವುದಿಲ್ಲ. ಬಾಗಿಲು ತೆರೆದವರೆಲ್ಲ ಮೊದಲು ನನ್ನ ಬೆನ್ನ ಹಿಂದೆ ಇಣುಕುತ್ತಾರೆ. ಲಾಂಡ್ರಿಯವಳು ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು, "ಅಮ್ಮಾವ್ರು ಯಾವಾಗ ಬರ್ತಾರೆ?" ಎಂದಳು. "ಮುಂದಿನ ತಿಂಗಳು" ಎಂದೆ. "ಹೋದ ತಿಂಗಳೂ ಇದನ್ನೇ ಅಂದ್ರಲ್ಲ ಪಾಸ್ಟರೇ! ನೀವೇ ಹೀಗೆ ಸುಳ್ಳು ಹೇಳಿದ್ರೆ ನಮ್ಮ ಗತಿ ಏನು?" ಎಂದು ನಕ್ಕಳು. ನಾನೂ ನಕ್ಕು ಎದ್ದು ಬಂದೆ.

ಬಸ್ ಡ್ರೈವರಣ್ಣನ ಮನೆಯಲ್ಲಂತೂ ಮಾನ ಹೋಯಿತು. ನೋವು ಅವರ ಬಲ ಮಂಡಿಗೆ, ನಾನು ಪ್ರಾರ್ಥಿಸಿದ್ದು ಎಡ ಮಂಡಿಗಾಗಿ. ಅಷ್ಟರಲ್ಲಿ ಒಲೆಯ ಮೇಲಿದ್ದ ಹಾಲು ಉಕ್ಕಿ ಮನೆ ತುಂಬ ಸೀದ ವಾಸನೆ. ಆದರೂ ಒಬ್ಬರೂ ಏಳಲಿಲ್ಲ, ಕಣ್ಣೂ ತೆರೆಯಲಿಲ್ಲ. ಆಮೆನ್ ಆಗುವವರೆಗೆ ಯಾರೂ ಅಲುಗಾಡಬಾರದೆಂದು ಇಲ್ಲಿ ಕಲಿಸಿದವನು ನಾನೇ ತಾನೆ? ಪಾತ್ರೆ ತಿಕ್ಕುತ್ತಾ ಡ್ರೈವರಣ್ಣನ ಹೆಂಡತಿ, "ಮುಂದಿನ ಸಲ ಸ್ವಲ್ಪ ಚಿಕ್ಕದಾಗಿ ಮಾಡಿ ಪಾಸ್ಟರೇ" ಎಂದರು. ನೀನಿದ್ದಿದ್ದರೆ ನನ್ನ ತೋಳು ಚಿವುಟಿ ಆಗಲೇ ನಿಲ್ಲಿಸುತ್ತಿದ್ದೆ.

ಗುರುವಾರ ನಮ್ಮ ಪುಟ್ಟನ ಸಮಾಧಿಗೆ ಹೋಗಿದ್ದೆ. ಹದಿನೆಂಟು ವರ್ಷ ಒಂದು ಗುರುವಾರವೂ ತಪ್ಪದಂತೆ ನೀನು ಹೋದೆ. ನಾನು ಬೇರೆಯವರ ಮಣ್ಣಿಗೆ ಹೋದಾಗ ದೂರದಿಂದ ನೋಡಿ ಬರುತ್ತಿದ್ದೆ. ನೀನಿಲ್ಲದೆ ಹುಲ್ಲು ಬೆಳೆದಿರುತ್ತದೆ ಎಂದುಕೊಂಡು ಕುಡುಗೋಲು ಹಿಡಿದು ಹೋದರೆ ಒಂದು ಎಸಳೂ ಇರಲಿಲ್ಲ. ಕಲ್ಲನ್ನೂ ಯಾರೋ ತೊಳೆದಿದ್ದರು. ಕಾವಲುಗಾರನನ್ನು ಕೇಳಿದೆ. "ನಿಮ್ಮ ಮನೆ ಎದುರಿನ ಬೇಕರಿಯವರು ಬರ್ತಾರಲ್ಲ! ಅಮ್ಮಾವ್ರು ಊರಿಗೆ ಹೋದಾಗಿಂದ ವಾರ ವಾರ ಬರ್ತಾರೆ" ಎಂದ.

ಸಿಟ್ಟು ಮಾಡಿಕೊಳ್ಳಬೇಡ ಕಣೇ, ಪೂರ್ತಿ ಓದು. ಅವರ ಅಂಗಡಿಗೆ ನೀನು ಹದಿನೆಂಟು ವರ್ಷದಿಂದ ಕಾಲಿಟ್ಟಿಲ್ಲ. ಎದುರಿಗೇ ಬೇಕರಿ ಇಟ್ಟುಕೊಂಡು ಎರಡು ಬೀದಿ ದಾಟಿ ಬ್ರೆಡ್ ತರುತ್ತಿದ್ದೆ. ಪುಟ್ಟನಿಗೆ ಫಿಟ್ಸ್ ಬಂದ ದಿನ ನನ್ನನ್ನು ಕರೆತರಲು ನೀನು ಕಳಿಸಿದ್ದು ಅವರನ್ನು. ಆಸ್ಪತ್ರೆಗೆ ಒಯ್ಯಲು ಬೇಕಿದ್ದ ನಮ್ಮ ವ್ಯಾನಿನ ಕೀಲಿ ನನ್ನ ಜೇಬಿನಲ್ಲಿತ್ತು. ಅವರು ದಾರಿಯಲ್ಲಿ ತಡ ಮಾಡಿದರು ಎಂದೇ ನೀನು ಇಂದಿಗೂ ನಂಬಿದ್ದೀಯ.

ಅಲ್ಲಿಂದ ನೇರ ಬೇಕರಿಗೆ ಹೋದೆ. ಮೂರು ಗಂಟೆ. ಒಲೆ ಆರಿತ್ತು, ಅವರು ತಟ್ಟೆಗಳ ತಳ ಕೆರೆಯುತ್ತಿದ್ದರು. ನನ್ನನ್ನು ನೋಡಿ ಕೈ ಒರೆಸಿಕೊಂಡು ಸ್ಟೂಲ್ ಹಾಕಿದರು. ಯಾಕೆ ಹೀಗೆ ಮಾಡುತ್ತಿದ್ದೀರಿ ಎಂದು ಕೇಳಿದೆ.

"ಮನಸ್ಸು ತಡೀಲಿಲ್ಲ ಪಾಸ್ಟರೇ" ಎಂದರು. "ಅವತ್ತು ನಾನು ಓಡಿಕೊಂಡೇ ಬಂದೆ. ನೀವು ದರ್ಜಿ ಮನೇಲಿದ್ರಿ. ಎಲ್ರೂ ಕಣ್ಮುಚ್ಚಿ ತಲೆ ತಗ್ಗಿಸಿದ್ರು. ನಾನು ನಿಮ್ಮ ಸಭೆಯವನಲ್ಲ, ನಿಮ್ಮ ಪದ್ಧತಿ ಗೊತ್ತಿಲ್ಲ. ಮಧ್ಯೆ ಬಾಯಿ ಹಾಕಿದ್ರೆ ಪಾಪ ಬರುತ್ತೆ, ಆ ಪಾಪ ಮಗೂಗೇ ತಟ್ಟುತ್ತೆ ಅಂತ ಹೆದರಿ ಟೋಪಿ ತೆಗೆದು ನಿಂತೆ. ಈಗ ಮುಗಿಯುತ್ತೆ, ಈಗ ಮುಗಿಯುತ್ತೆ ಅಂತ. ಹತ್ತು ನಿಮಿಷ ನಿಂತೆ. ಕೂಗಬೇಕಿತ್ತು ನಾನು. ಅಮ್ಮಾವ್ರು ನನ್ನ ಅಂಗಡಿಗೆ ಬರದೇ ಇರೋದು ಸರಿಯಾಗೇ ಇದೆ."

ಆಮೇಲೆ ತಲೆ ಎತ್ತಿ, "ನಾನು ಬಂದಿದ್ದು ನಿಮಗೆ ಗೊತ್ತಾಗಲೇ ಇಲ್ವಾ ಪಾಸ್ಟರೇ?" ಎಂದು ಕೇಳಿದರು. "ಕಣ್ಮುಚ್ಚಿದ್ದೆ, ಗೊತ್ತಾಗಲಿಲ್ಲ" ಎಂದೆ. ಅವರು ಮತ್ತೆ ತಟ್ಟೆ ಕೆರೆಯತೊಡಗಿದರು. ಆದ್ದರಿಂದ ನಿನಗೆ ಹೇಳುತ್ತಿದ್ದೇನೆ, ಅವರು ತಡ ಮಾಡಲಿಲ್ಲ. ಅವರ ಮೇಲಿನ ಕೋಪ ಬಿಡು.

ಇನ್ನು ನಿನ್ನ ಪ್ರಶ್ನೆ. ಸಭೆಯನ್ನು ಬದಿಗಿಟ್ಟು ಹೇಳುತ್ತೇನೆ. ಸಂಜೆ ಬೀಗ ತೆಗೆದು ಒಳಗೆ ಬಂದರೆ "ಕಾಲು ಒರೆಸ್ಕೊಳ್ಳಿ" ಎನ್ನುವವರಿಲ್ಲ. ಅಡುಗೆಮನೆಯಲ್ಲಿ ನಿಂತುಕೊಂಡೇ ತಿಂದು ಮುಗಿಸುತ್ತೇನೆ. ನೀನಿಲ್ಲದೆ ನನ್ನಿಂದಾಗುವುದಿಲ್ಲ. ನನ್ನ ಹತ್ತಿರ ಇರುವ ಕಾರಣ ಇದೊಂದೇ, ಸಾಕೆನಿಸಿದರೆ ಬಾ.

ಮೊಮ್ಮಗಳ ಹಣೆಗೆ ನನ್ನ ಪರವಾಗಿ ಒಂದು ಮುತ್ತು. ಮಗಳಿಗೂ ಅಳಿಯಂದಿರಿಗೂ ಆಶೀರ್ವಾದ. ದೇವರು ನಿಮ್ಮೆಲ್ಲರನ್ನೂ ತನ್ನ ಅಂಗೈಯಲ್ಲಿಟ್ಟು ಕಾಯಲಿ.

ಇತಿ,
ನಿನ್ನವನು

ತಾ.ಕ.: ಲಕೋಟೆ ಅಂಟಿಸಿದ್ದೆ, ಹರಿದು ಮತ್ತೆ ತೆಗೆದೆ. ಬೇಕರಿಯವರಿಗೆ ನಾನು ಹೇಳಿದ್ದು ಸುಳ್ಳು. ಅವರು ಬಂದದ್ದು ನನಗೆ ಗೊತ್ತಾಗಿತ್ತು. ಏದುಸಿರು ಕೇಳಿಸಿತು, ಕಣ್ಣು ತುಸು ತೆರೆದು ನೋಡಿದೆ ಕೂಡ. ಅಲ್ಲಿಯವರೆಗೆ ಎರಡು ವರ್ಷ ಎಷ್ಟು ಕರೆದರೂ ಸಭೆಯ ಕಡೆ ತಲೆ ಹಾಕದವರು ಅಂದು ತಾವಾಗಿ ಬಂದು ಟೋಪಿ ತೆಗೆದು ನಿಂತಿದ್ದರು. ಮಗುವಿಗಾಗಿ ಬಂದಿದ್ದಾರೆಂದು ನನಗೆ ಹೊಳೆಯಲೇ ಇಲ್ಲ. ಇಂಥ ಅವಕಾಶ ಮತ್ತೆ ಸಿಗದು, ನಾಲ್ಕು ಒಳ್ಳೆಯ ಮಾತು ಇವರ ಕಿವಿಗೂ ಬೀಳಲಿ ಎಂದು, ಮುಗಿಯುತ್ತಿದ್ದ ಪ್ರಾರ್ಥನೆಯನ್ನು ಬೇಕೆಂದೇ ಉದ್ದ ಮಾಡಿದೆ. ನೀನು ಅವರು ತಡ ಮಾಡಿದರು ಎಂದಾಗ ಬಾಯಿ ಮುಚ್ಚಿಕೊಂಡಿದ್ದೆ. ಹದಿನೆಂಟು ವರ್ಷ ಮುಚ್ಚಿಕೊಂಡೇ ಇದ್ದೆ. ಬರುವುದೋ ಬಿಡುವುದೋ, ಇದನ್ನು ತಿಳಿದೇ ತೀರ್ಮಾನಿಸು. ಅವರಿಗೂ ಇವತ್ತೇ ಹೋಗಿ ಹೇಳುತ್ತೇನೆ. ಎರಡನೇ ಸಲ ಕಣ್ಣು ತೆರೆದಾಗ ಅವರ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು ಕಣೇ. ನನ್ನ ಪ್ರಾರ್ಥನೆ ಅವರ ಮನಸ್ಸಿಗೆ ನಾಟಿತು ಎಂದು ನಾನು ಸಂತೋಷಪಟ್ಟೆ.